ಕಾರು ತುಂಬಿಸಿಕೊಂಡು ಊರಿಗೆ ಹೊರಡುವವರಿಗೆ ಒಂದು ಬಹಿರಂಗ ಪತ್ರ

ಕಾರು ಇಟ್ಟುಕೊಂಡಿರುವ ಎಲ್ಲರಿಗೂ ನಮಸ್ಕಾರ.

ನಿಮ್ಮ ಕಾರಿನ ಡ್ರೈವರ್ ಬಾಗಿಲು ಒಮ್ಮೆ ತೆಗೆದು ನೋಡಿ. ಬಾಗಿಲು ಕೂರುವ ಕಂಬದ ಮೇಲೆ ಒಂದು ಸಣ್ಣ ಸ್ಟಿಕ್ಕರ್ ಅಂಟಿಸಿರುತ್ತಾರೆ. ಟೈರಿಗೆ ಗಾಳಿ ಎಷ್ಟಿರಬೇಕು ಅಂತ ಅದರಲ್ಲಿ ಬರೆದಿರುತ್ತದೆ. ತುಂಬಾ ಕಾರುಗಳಲ್ಲಿ ಅಲ್ಲಿ ಎರಡು ಲೆಕ್ಕ ಕಾಣುತ್ತದೆ. ಇಬ್ಬರೋ ಮೂವರೋ ಕೂತು ಹೋಗುವಾಗ ಒಂದು, ಸೀಟೆಲ್ಲ ತುಂಬಿ ಡಿಕ್ಕಿಯಲ್ಲಿ ಲಗೇಜೂ ಇರುವಾಗ ಇನ್ನೊಂದು. ಎರಡನೇ ಸಾಲಿನಲ್ಲಿ, ಅದರಲ್ಲೂ ಹಿಂದಿನ ಚಕ್ರಗಳಿಗೆ, ಮೂರ್ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಲೆಕ್ಕ) ಜಾಸ್ತಿ ಕೇಳಿರುತ್ತಾರೆ. ಕೆಲವು ಕಾರಿಗೆ ಅದಕ್ಕಿಂತಲೂ ಜಾಸ್ತಿ. ಆ ಎರಡನೇ ಸಾಲನ್ನು ಓದುವವರು ತೀರಾ ಕಡಿಮೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆ ಹೈವೇ ಬದಿಯಲ್ಲಿ ಟೈರ್ ಕೆಲಸ ಮಾಡುವವನು. ಬೇಸಿಗೆ ರಜೆ, ದಸರಾ, ಸಾಲು ಸಾಲು ರಜೆ ಬಂತು ಅಂದರೆ ಬೆಂಗಳೂರಿನಿಂದ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಅಂತ ಹೊರಟ ಕಾರುಗಳೆಲ್ಲ ನಮ್ಮ ಮುಂದೆಯೇ ಹಾದು ಹೋಗುತ್ತವೆ. ಹಿಂದಿನಿಂದ ನೋಡಿದರೆ ಸಾಕು, ಎಷ್ಟು ತುಂಬಿಸಿದ್ದಾರೆ ಅಂತ ಗೊತ್ತಾಗುತ್ತದೆ. ಹಿಂಭಾಗ ಕುಸಿದು ಕೂತಿರುತ್ತದೆ, ಮೂತಿ ಮೇಲಕ್ಕೆ ಎದ್ದಿರುತ್ತದೆ, ಹಿಂದಿನ ಟೈರಿನ ಹೊಟ್ಟೆ ಹೊರಗೆ ಬಂದಿರುತ್ತದೆ. ಅಂಥ ಕಾರು ಶಿರಾಡಿ ಘಾಟಿ ಇಳಿಯಲು ಹೊರಟಿದೆ ಅಂದರೆ ನೋಡುವವರಿಗೇ ಹೊಟ್ಟೆ ಕಲಸುತ್ತದೆ.

ಟೈರ್ ಸಿಡಿದು ಅಪಘಾತವಾದರೆ ನಮ್ಮ ಜನ ಸಾಮಾನ್ಯವಾಗಿ ಹಣೆಬರಹ ಅನ್ನುತ್ತಾರೆ. 2010ರಲ್ಲಿ ಪುಣೆಯಿಂದ ಮುಂಬೈಗೆ ಹೋಗುತ್ತಿದ್ದ ಒಂದು ಕಾರಿನ ಹಿಂದಿನ ಟೈರ್ ಸಿಡಿದು, ಕಾರು ಹಳ್ಳಕ್ಕೆ ಬಿದ್ದು, ಒಳಗಿದ್ದ ಒಬ್ಬರು ತೀರಿಕೊಂಡರು. ಕುಟುಂಬಕ್ಕೆ ಸುಮಾರು ಒಂದೂಕಾಲು ಕೋಟಿ ಪರಿಹಾರ ಕೊಡಬೇಕು ಅಂತ ಟ್ರಿಬ್ಯೂನಲ್ ಹೇಳಿತು. ಟೈರ್ ಸಿಡಿದದ್ದು ದೇವರ ಕೆಲಸ, ಅದಕ್ಕೆ ನಾವು ಹೊಣೆಯಲ್ಲ ಅಂತ ಇನ್ಶೂರೆನ್ಸ್ ಕಂಪನಿ ಬಾಂಬೆ ಹೈಕೋರ್ಟಿಗೆ ಹೋಯಿತು. 2023ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ವೇಗ ಜಾಸ್ತಿ, ಗಾಳಿ ಕಡಿಮೆ ಅಥವಾ ಜಾಸ್ತಿ, ಸೆಕೆಂಡ್ ಹ್ಯಾಂಡ್ ಟೈರ್, ಬಿಸಿ, ಹೀಗೆ ಟೈರ್ ಸಿಡಿಯಲು ಕಾರಣಗಳಿರುತ್ತವೆ, ಹೊರಡುವ ಮುಂಚೆ ಟೈರ್ ನೋಡಿಕೊಳ್ಳಬೇಕಾದದ್ದು ಡ್ರೈವರೋ ಮಾಲೀಕರೋ ಅಂತ ತೀರ್ಪು ಬಂತು. ಗ್ಯಾರೇಜಿನಲ್ಲಿ ಟೈರ್ ಬಿಚ್ಚುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಯಾಕೆ ಅಂತ ಹೇಳುತ್ತೇನೆ. ಕಾರಿನ ಭಾರ ಹೊರುವುದು ಟೈರಿನ ಒಳಗಿರುವ ಗಾಳಿ. ರಬ್ಬರು, ತಂತಿ, ಬಟ್ಟೆ ಎಲ್ಲ ಆ ಗಾಳಿಯನ್ನು ಹಿಡಿದಿಡುವುದಕ್ಕೆ ಇರುವುದು. ಇಷ್ಟು ದೊಡ್ಡ ಕಾರು ರಸ್ತೆಗೆ ತಾಗುವುದು ಬರೀ ನಾಲ್ಕು ಕಡೆ, ಒಂದೊಂದು ಕಡೆಯೂ ಹೆಚ್ಚು ಕಡಿಮೆ ನಿಮ್ಮ ಅಂಗೈ ಅಗಲ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಮಾಡುತ್ತದೆ. ಭಾರ ಜಾಸ್ತಿಯಾದರೂ ಅಷ್ಟೇ. 185/65 ಆರ್ 15 ಅಳತೆಯ ಟೈರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 850 ಸುತ್ತು ಸುತ್ತುತ್ತದೆ. ನಿಮಿಷಕ್ಕೆ 850 ಸಲ ಅದೇ ಜಾಗ ಮಡಚಿದರೆ ಬಿಸಿಯಾಗದೆ ಇನ್ನೇನಾಗುತ್ತದೆ? ಆ ಬಿಸಿಗೆ ಒಳಗಿನ ಪದರಗಳ ಅಂಟು ಬಿಡುತ್ತಾ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆಮೇಲೆ ಒಂದು ಕ್ಷಣದಲ್ಲಿ ಸಿಡಿಯುತ್ತದೆ.

ಗಾಳಿ ಕಡಿಮೆ ಇದ್ದು ಬಹಳ ದೂರ ಓಡಿದ ಟ್ಯೂಬ್‌ಲೆಸ್ ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಗೆ ಕೈಯಾಡಿಸಿದರೆ ಕೈಗೆ ಕಪ್ಪು ಪುಡಿ ಬರುತ್ತದೆ. ಒಳಗಿನ ರಬ್ಬರ್ ಪದರ ತಿಕ್ಕಿ ತಿಕ್ಕಿ ಪುಡಿಯಾಗಿ ಉದುರಿದ್ದು ಅದು. ಪಕ್ಕದ ಗೋಡೆಯ ಒಳಭಾಗದಲ್ಲಿ ಸುತ್ತಲೂ ಒಂದು ಉಂಗುರದಂತೆ ಸವೆದ ಗುರುತು ಇರುತ್ತದೆ. ಮುಟ್ಟಿದರೆ ಅಲ್ಲಿ ಒರಟು, ಕೆಲವು ಸಲ ಬಟ್ಟೆಯ ನೂಲೇ ಕಾಣುತ್ತದೆ. ಹೊರಗೆ ಮಾತ್ರ ಬಟನ್, ಅಂದರೆ ರಸ್ತೆಗೆ ತಾಗುವ ಗೀರುಗಳಿರುವ ಭಾಗ, ಚೆನ್ನಾಗಿ, ಫಳಫಳ ಅಂತಿರುತ್ತದೆ. ಇಂಥ ಟೈರನ್ನು ತೋರಿಸಿ ಬದಲಾಯಿಸಿ ಅಂದರೆ "ಸುಮ್ನೆ ವ್ಯಾಪಾರಕ್ಕೆ ಹೇಳ್ತಾರೆ" ಅಂತ ಅನುಮಾನ ಪಡಬೇಡಿ ದಯವಿಟ್ಟು. ನೀವೇ ಕೈ ಹಾಕಿ ನೋಡಿ.

ಈಗ ಎಲ್ಲರೂ ಮಾಡುವ ಒಂದು ತಪ್ಪಿನ ಬಗ್ಗೆ. ಬೇಸಿಗೆ ಬಂದರೆ ಗಾಳಿ ಕಡಿಮೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಬಿಸಿಗೆ ಹಿಗ್ಗಿ ಸಿಡಿಯುತ್ತದೆ ಅಂತ ಹೇಳುವವರು ಬಹಳ ಜನ. ಇದು ತಪ್ಪು, ಅದೂ ಜೀವ ತೆಗೆಯುವಂಥ ತಪ್ಪು. ಓಡುತ್ತಾ ಓಡುತ್ತಾ ಟೈರ್ ಬಿಸಿಯಾಗಿ ನಾಲ್ಕಾರು ಪಿಎಸ್‌ಐ ಏರುವುದು ಸಹಜ. ಕಂಪನಿಯವರು ಸ್ಟಿಕ್ಕರಿನಲ್ಲಿ ಅಂಕಿ ಬರೆಯುವಾಗಲೇ ಆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಅಲ್ಲಿ ಬರೆದಿರುವುದು ತಣ್ಣಗಿನ ಟೈರಿನ ಲೆಕ್ಕ. ಅಂದರೆ ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಅಥವಾ ಎರಡು ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಓಡಿರಬಾರದು. ನೀವು ಬೆಂಗಳೂರಿನಿಂದ ಹೊರಟು ಕುಣಿಗಲ್ ದಾಟಿ ಬಿಸಿಲಲ್ಲಿ ಬಂಕಿಗೆ ನುಗ್ಗಿ ಗಾಳಿ ನೋಡಿಸಿದರೆ 33 ಇರಬೇಕಾದಲ್ಲಿ 38 ತೋರಿಸುತ್ತದೆ. "ಜಾಸ್ತಿ ಇದೆ ಸಾರ್" ಅಂತ ಹುಡುಗ ಗಾಳಿ ಇಳಿಸಿಯೇ ಬಿಡುತ್ತಾನೆ. ಈಗ ಬಿಸಿಯಲ್ಲಿ 33. ತಣ್ಣಗಾದ ಮೇಲೆ ಎಷ್ಟಾಯಿತು? 28ರ ಆಸುಪಾಸು. ಏಳು ಜನರನ್ನು ಕೂರಿಸಿಕೊಂಡು ಅದರ ಮೇಲೆ ಘಾಟಿ ಇಳಿಯುತ್ತೀರಿ. ಬಿಸಿ ಟೈರಿನಿಂದ ಗಾಳಿ ತೆಗೆಸಬೇಡಿ. ಎಷ್ಟೇ ತೋರಿಸಲಿ, ಬೇಡ. ಹೊರಡುವ ದಿನ ಬೆಳಿಗ್ಗೆ ಮನೆ ಹತ್ತಿರದ ಬಂಕಿನಲ್ಲೇ ಕೆಲಸ ಮುಗಿಸಿ. ಇನ್ನೂ ಒಳ್ಳೆಯದು ಅಂದರೆ ಗಾಳಿ ಅಳೆಯುವ ಗೇಜ್ ನಿಮ್ಮದೇ ಒಂದು ಇಟ್ಟುಕೊಳ್ಳಿ. ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ ಸಣ್ಣ ಪಂಪ್ ಈಗ ಎಲ್ಲ ಕಡೆ ಸಿಗುತ್ತದೆ.

ಯಾವ ತೂತೂ ಇಲ್ಲದ ಟೈರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ನೈಟ್ರೋಜನ್ ಹಾಕಿಸಿದ್ದೇನೆ, ನೋಡುವ ಅಗತ್ಯವಿಲ್ಲ ಅನ್ನಬೇಡಿ. ಸುಮ್ನೆ ಸಿಗುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಏನು ತುಂಬಿಸಿದ್ದೀರಿ ಅನ್ನುವುದಕ್ಕಿಂತ ಎಷ್ಟು ತುಂಬಿಸಿದ್ದೀರಿ ಅನ್ನುವುದು ಮುಖ್ಯ. ಟೈರಿನ ಗಾಳಿ ತೋರಿಸುವ ಸೆನ್ಸರ್ ಇರುವ ಕಾರಿನವರೂ ಅಷ್ಟೇ, ಗಾಳಿ ಸಾಕಷ್ಟು ಇಳಿದ ಮೇಲೆಯೇ ಆ ಲೈಟು ಹತ್ತುವುದು. ಕಾರಿನಲ್ಲಿ ಏಳು ಜನ ಕೂತಿದ್ದಾರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನು ಭಾರದ ಮಾತು. ಪ್ರತಿ ಕಾರಿಗೂ ಹೊರುವ ಮಿತಿ ಇದೆ. ಕಾರಿನ ಜೊತೆ ಬಂದ ಮ್ಯಾನ್ಯುಯಲ್ಲಿನ ಕೊನೆಯ ಪುಟಗಳಲ್ಲಿ ಖಾಲಿ ಕಾರಿನ ತೂಕ, ಎಲ್ಲ ತುಂಬಿದ ಮೇಲೆ ಇರಬಹುದಾದ ಗರಿಷ್ಠ ತೂಕ ಎರಡೂ ಇರುತ್ತವೆ. ಒಂದರಿಂದ ಇನ್ನೊಂದನ್ನು ಕಳೆಯಿರಿ, ಉಳಿದದ್ದು ನಿಮ್ಮ ಪಾಲು. ನಮ್ಮಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಅದು 400ರಿಂದ 500 ಕಿಲೋ, ಏಳು ಸೀಟಿನ ಕಾರುಗಳಲ್ಲಿ 600 ಕಿಲೋ ಆಸುಪಾಸು. ಕೇಳುವುದಕ್ಕೆ ಬಹಳ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ತಲಾ 65 ಕಿಲೋದ ಏಳು ಜನ ದೊಡ್ಡವರು ಕೂತರೆ 455 ಕಿಲೋ ಮುಗಿಯಿತು. ತಲೆಗೊಂದು 15 ಕಿಲೋದ ಬ್ಯಾಗ್ ಅಂದರೆ 105. ಒಟ್ಟು 560. ಅದರ ಮೇಲೆ 20 ಲೀಟರಿನ ನೀರಿನ ಕ್ಯಾನ್ ಒಂದು, ಅಂದರೆ 20 ಕಿಲೋ. ಜಾಗ ಇದೆಯಲ್ಲ ಅಂತ ಅತ್ತೆ ಮನೆಗೆ ಒಂದು 25 ಕಿಲೋ ಅಕ್ಕಿ ಚೀಲ. ಆಯಿತಲ್ಲ, ಮಿತಿ ದಾಟಿತು. ಸಿಎನ್‌ಜಿ ಕಾರಾದರೆ ಡಿಕ್ಕಿಯಲ್ಲಿರುವ ಸಿಲಿಂಡರೇ ಹಿಂದಿನ ಚಕ್ರದ ಮೇಲೆ ಭಾರ ಹೇರಿರುತ್ತದೆ. ಹೊರಗಡೆ ಹಾಕಿಸಿದ ಕಿಟ್ ಆದರೆ ಅದರ ತೂಕ ಮ್ಯಾನ್ಯುಯಲ್ಲಿನಲ್ಲಿ ಇರುವುದೂ ಇಲ್ಲ, ಅದನ್ನು ನಿಮ್ಮ ಪಾಲಿನಿಂದ ನೀವೇ ಕಳೆಯಬೇಕು.

ಟೈರಿನ ಪಕ್ಕದಲ್ಲೂ ಹೊರುವ ಶಕ್ತಿ ಬರೆದಿರುತ್ತದೆ. 185/65 ಆರ್ 15 ಆದ ಮೇಲೆ 88 ಎಚ್ ಅಂತಿದ್ದರೆ, 88 ಅಂದರೆ ಒಂದು ಟೈರ್ 560 ಕಿಲೋ ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ. ಗಾಳಿ ಪೂರ್ತಿ ಇದ್ದಾಗ ಮಾತ್ರ ಈ 560 ನಿಜ. ಗಾಳಿ ಇಳಿದಷ್ಟೂ ಹೊರುವ ಶಕ್ತಿಯೂ ಇಳಿಯುತ್ತದೆ. ಟೈರ್ ಬದಲಾಯಿಸುವಾಗ ಇನ್ನೂರು ಮುನ್ನೂರು ರೂಪಾಯಿ ಕಡಿಮೆ ಅಂತ 88 ಇದ್ದ ಕಡೆ 84 ಹಾಕಿಸಬೇಡಿ. 84 ಅಂದರೆ 500 ಕಿಲೋ. ಪ್ರತಿ ಚಕ್ರದಲ್ಲೂ 60 ಕಿಲೋ ಕಡಿಮೆಯಾಯಿತು.

ಎಷ್ಟು ತುಂಬಿಸಿದಿರಿ ಅನ್ನುವಷ್ಟೇ ಎಲ್ಲಿ ಇಟ್ಟಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಭಾರದ ಸಾಮಾನು ಡಿಕ್ಕಿಯ ತಳದಲ್ಲಿ, ಸೀಟಿಗೆ ಒತ್ತಿಕೊಂಡ ಹಾಗೆ ಇರಲಿ. ಹಗುರದ್ದು ಮೇಲೆ. ಏಳು ಸೀಟಿನ ಕಾರಿನಲ್ಲಿ ಮೂರನೇ ಸಾಲು ಎತ್ತಿದರೆ ಹಿಂದೆ ಉಳಿಯುವುದು ಒಂದು ಮೊಳ ಜಾಗ. ಅಲ್ಲೇ ಚಾವಣಿ ಮುಟ್ಟುವವರೆಗೆ ಬ್ಯಾಗ್ ಪೇರಿಸಿ, ಅದರ ಮುಂದೆ ಮಕ್ಕಳನ್ನು ಕೂರಿಸುತ್ತಾರೆ. ಜೋರಾಗಿ ಬ್ರೇಕ್ ಹಾಕಿದರೆ ಮೇಲಿನ ಬ್ಯಾಗ್ ನೇರ ಆ ಮಕ್ಕಳ ತಲೆಗೆ ಬರುತ್ತದೆ. ತೆಂಗಿನಕಾಯಿಯ ಚೀಲ ಅಲ್ಲಿದ್ದರೆ ಏನು ಗತಿ, ಯೋಚಿಸಿ. ಹಿಂದಿನ ಕಿಟಕಿಯ ಕೆಳಗಿನ ಹಲಗೆ ಮೇಲೆ ಛತ್ರಿ, ಸ್ಟೀಲ್ ಡಬ್ಬಿ ಇಡುವುದೂ ಬೇಡ. ನೀರಿನ ಬಾಟಲಿಯಂತೂ ಡ್ರೈವರ್ ಕಾಲ ಹತ್ತಿರ ಇರಲೇ ಕೂಡದು. ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಪೆಡಲ್ ಒತ್ತಲು ಆಗುವುದಿಲ್ಲ.

ಮೇಲೆ ಕ್ಯಾರಿಯರ್ ಹಾಕಿಸುವವರಿಗೆ ಒಂದು ಮಾತು. ಕಾರಿನ ಚಾವಣಿ ಹೊರುವ ಮಿತಿ ಸಾಮಾನ್ಯವಾಗಿ 50ರಿಂದ 75 ಕಿಲೋ, ಅದರಲ್ಲಿ ಕ್ಯಾರಿಯರಿನ ತೂಕವೂ ಸೇರಿತು. ಕೆಲವು ಸಣ್ಣ ಕಾರಿನಲ್ಲಿ ಚಾವಣಿ ಮೇಲೆ ಏನೂ ಇಡಬೇಡಿ ಅಂತಲೇ ಇರುತ್ತದೆ. ಭಾರ ಮೇಲೆ ಹೋದಷ್ಟೂ ಕಾರು ತಿರುವಿನಲ್ಲಿ ವಾಲುತ್ತದೆ, ವಾಲಿದ ಕಡೆಯ ಎರಡು ಟೈರಿನ ಮೇಲೆ ಎಲ್ಲ ಭಾರ ಬೀಳುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ, ಆಗುಂಬೆಯ ತಿರುವುಗಳಲ್ಲಿ ಇದನ್ನು ಕಲಿಯಬೇಕಾದ ಪರಿಸ್ಥಿತಿ ತಂದುಕೊಳ್ಳಬೇಡಿ.

ಅಂದ ಹಾಗೆ, ಸ್ಟೀರಿಂಗ್ ಪಕ್ಕದಲ್ಲಿ ಸೊನ್ನೆಯಿಂದ ಮೂರೋ ನಾಲ್ಕೋ ವರೆಗೆ ಅಂಕಿ ಇರುವ ಒಂದು ಸಣ್ಣ ಗಾಲಿ ಇದೆಯಲ್ಲ, ಅದು ಹೆಡ್‌ಲೈಟ್ ಇಳಿಸುವುದಕ್ಕೆ. ಹಿಂದೆ ಭಾರ ಬಿದ್ದು ಮೂತಿ ಎದ್ದಾಗ ಲೈಟು ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಅದನ್ನು ತಿರುಗಿಸಿ ಲೈಟನ್ನು ರಸ್ತೆಗೆ ಇಳಿಸಿಕೊಳ್ಳಿ. ರಾತ್ರಿ ಎದುರಿನ ಬಸ್ಸಿನವನು ಸುಮ್ನೆ ಡಿಪ್ ಡಿಮ್ ಮಾಡುತ್ತಿರುವುದಿಲ್ಲ.

ಟೈರಿನ ವಯಸ್ಸು ನೋಡುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಪಕ್ಕದ ಗೋಡೆಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು. ಒಂದು ಕಡೆ ಕಾಣದಿದ್ದರೆ ಟೈರಿನ ಒಳಮಗ್ಗುಲಲ್ಲಿ ಇರುತ್ತದೆ. ಅಪಾರ್ಟ್‌ಮೆಂಟಿನ ಬಿಸಿಲಲ್ಲಿ ನಿಂತೇ ಇರುವ, ವರ್ಷಕ್ಕೆ ಎರಡು ಸಲ ಊರಿಗೆ ಮಾತ್ರ ಹೊರಡುವ ಕಾರುಗಳ ಬಗ್ಗೆ ನನಗೆ ಭಯ ಜಾಸ್ತಿ. ಬಟನ್ ಹೊಸದರ ಹಾಗೇ ಇರುತ್ತದೆ, ರಬ್ಬರು ಮಾತ್ರ ಒಣಗಿ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಗೊತ್ತಿರುವವರಿಗೆ ತೋರಿಸಿ. ಹತ್ತು ವರ್ಷವಾದದ್ದನ್ನು ಹೇಗೇ ಇರಲಿ ತೆಗೆಸಿ, ಟೈರ್ ಕಂಪನಿಗಳೂ ಅದನ್ನೇ ಹೇಳುತ್ತವೆ. ಗುಂಡಿಗೆ ಬಿದ್ದ ಮೇಲೆ ಪಕ್ಕದಲ್ಲಿ ಮೊಟ್ಟೆಯಷ್ಟು ಉಬ್ಬು ಬಂದಿದ್ದರೆ ಒಳಗಿನ ನೂಲು ತುಂಡಾಗಿದೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ. ಬಟನ್ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರವೂ ಟೈರ್ ಮುಗಿಯಿತು. ಗೀರುಗಳ ನಡುವೆ ಅಡ್ಡಕ್ಕೆ ಸಣ್ಣ ದಿಣ್ಣೆಗಳಿರುತ್ತವೆ, ಬಟನ್ ಅದರ ಮಟ್ಟಕ್ಕೆ ಬಂದರೆ ಬದಲಾಯಿಸಬೇಕು. ಮಳೆಗಾಲದಲ್ಲಿ ಘಾಟಿ ಕಡೆ ಹೋಗುವವರು ಅಲ್ಲಿವರೆಗೂ ಕಾಯಬೇಡಿ. ಸವೆದ ಟೈರಿಗೆ ಬಿಸಿ ಬ್ಲೇಡಿನಲ್ಲಿ ಹೊಸ ಗೀರು ಕೊರೆದು ಅರ್ಧ ಬೆಲೆಗೆ ಮಾರುವವರೂ ಇದ್ದಾರೆ. ಅದು ನಮ್ಮ ಕಸುಬಿಗೇ ಕಳಂಕ. ಗೀರಿನ ಅಂಚು ಒರಟಾಗಿದ್ದು, ಆ ಅಡ್ಡ ದಿಣ್ಣೆಗಳೇ ಕಾಣದಿದ್ದರೆ ಮುಟ್ಟಬೇಡಿ.

ಎರಡೇ ಟೈರ್ ಹೊಸದು ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. ನಮ್ಮಲ್ಲಿ ಎಲ್ಲರೂ ಮುಂದಕ್ಕೆ ಹಾಕಿಸುತ್ತಾರೆ. ಮುಂದಿನದು ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಮಾಮೂಲಿ ಡ್ರೈವರ್ ಕೈಯಲ್ಲಿ ಅದು ನಿಲ್ಲುವುದಿಲ್ಲ. ಲಗೇಜಿನ ಭಾರ ಬೀಳುವುದೂ ಹಿಂದಕ್ಕೇ ಅಲ್ವಾ?

ಇಷ್ಟೆಲ್ಲ ನೋಡಿಕೊಂಡರೂ ಮೊಳೆಯೋ ಕಲ್ಲೋ ಹೊಡೆದು ಟೈರ್ ಸಿಡಿಯಬಹುದು. ಆಗ ಬ್ರೇಕ್ ತುಳಿಯಬೇಡಿ. ಸ್ಟೀರಿಂಗ್ ಎರಡೂ ಕೈಯಲ್ಲಿ ಗಟ್ಟಿಯಾಗಿ ನೇರ ಹಿಡಿಯಿರಿ, ಆಕ್ಸಿಲರೇಟರಿನಿಂದ ಕಾಲನ್ನು ನಿಧಾನಕ್ಕೆ ಎತ್ತಿ, ಕಾರು ತಾನಾಗಿ ವೇಗ ಕಳೆದುಕೊಳ್ಳಲಿ, ಆಮೇಲೆ ಎಡಕ್ಕೆ ಬನ್ನಿ. ನಿಂತ ಮೇಲೆ ಮೊದಲು ಎಲ್ಲರನ್ನೂ ರಸ್ತೆಯಿಂದ ಆಚೆ ಕಳಿಸಿ.

ಈಗ ಪೆಟ್ರೋಲ್ ಬಂಕಿನವರಿಗೂ ತೈಲ ಕಂಪನಿಗಳಿಗೂ ಒಂದು ಮಾತು. ಗಾಡಿಗಳಿಗೆ ಉಚಿತವಾಗಿ ಗಾಳಿ ಕೊಡುವುದು ನಿಮ್ಮದೇ ನಿಯಮಗಳಲ್ಲಿ ಕಡ್ಡಾಯ. ಆದರೆ ಎಷ್ಟೋ ಕಡೆ ಪಂಪ್ ಕೆಟ್ಟಿದೆ ಅನ್ನುವ ಬೋರ್ಡು ಶಾಶ್ವತವಾಗಿ ನೇತಾಡುತ್ತದೆ, ಇನ್ನೂ ಕೆಲವು ಕಡೆ ಗಾಳಿ ಬರುತ್ತದೆ, ಗೇಜ್ ಸುಳ್ಳು ಹೇಳುತ್ತದೆ. ಪೆಟ್ರೋಲ್ ಅಳತೆ ನೋಡುವುದಕ್ಕೆ ಐದು ಲೀಟರಿನ ಡಬ್ಬಿ ಇಟ್ಟಿದ್ದೀರಿ. ಗಾಳಿ ಗೇಜನ್ನೂ ಅಷ್ಟೇ ಶಿಸ್ತಿನಿಂದ ಪರೀಕ್ಷೆ ಮಾಡಿಸಿ. ಗಾಳಿ ಹಿಡಿಯುವ ಹುಡುಗರಿಗೆ ಬಾಗಿಲ ಸ್ಟಿಕ್ಕರ್ ಓದುವುದನ್ನು ಕಲಿಸಿ. "ಎಷ್ಟು ಹಾಕ್ಲಿ ಸಾರ್" ಅಂತ ಕೇಳುವ ಬದಲು "ಎಷ್ಟು ಜನ ಹೋಗ್ತಿದ್ದೀರಾ" ಅಂತ ಕೇಳಲಿ. ಕಾರಿನ ಮಾಲೀಕರೇ, ಗಾಳಿ ಇಲ್ಲ ಅಂದರೆ ಸುಮ್ನೆ ಮುಂದಿನ ಬಂಕಿಗೆ ಹೋಗಬೇಡಿ, ದೂರು ಪುಸ್ತಕ ಕೇಳಿ ಬರೆಯಿರಿ.

ಸಾರಿಗೆ ಇಲಾಖೆಗೂ ಒಂದು ಕೋರಿಕೆ ಇದೆ. ಟ್ಯಾಕ್ಸಿ, ಲಾರಿಗಳಿಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ, ಇದೆ, ಅಲ್ಲಿ ಟೈರ್ ನೋಡುತ್ತಾರೆ. ಸ್ವಂತ ಕಾರಿಗೆ ಒಮ್ಮೆ ನೋಂದಣಿ ಆಯಿತು ಅಂದರೆ 15 ವರ್ಷ ಯಾರೂ ಕೇಳುವುದಿಲ್ಲ. ಎಮಿಷನ್ ಟೆಸ್ಟಿಗೆ ಬಂದಾಗ ಹೊಗೆ ಮಾತ್ರ ನೋಡುತ್ತಾರೆ. ಅದೇ ಎರಡು ನಿಮಿಷದಲ್ಲಿ ನಾಲ್ಕು ಟೈರಿನ ಆಳ, ತಯಾರಾದ ವರ್ಷ ನೋಡಿ ಒಂದು ಚೀಟಿ ಕೊಡಲು ಏನು ಕಷ್ಟ? ಮಹಾರಾಷ್ಟ್ರದ ಸಮೃದ್ಧಿ ಮಹಾಮಾರ್ಗ 2022ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ಟೈರ್ ಸಿಡಿದು ಅಪಘಾತಗಳಾದವು, ಅಲ್ಲಿನ ಆರ್‌ಟಿಒದವರು ರಸ್ತೆಯ ಬಾಗಿಲಲ್ಲೇ ಟೈರ್ ತಪಾಸಣೆ ಶುರು ಮಾಡಿ ಸವೆದ ಟೈರಿನ ಗಾಡಿಗಳನ್ನು ವಾಪಸ್ ಕಳಿಸಿದರು. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಅದೇ ವರ್ಷ ಆಗಸ್ಟಿನಿಂದ ಬೈಕ್, ಆಟೋ ನಿಲ್ಲಿಸಿದರು, ಆಮೇಲೆ ವೇಗ ಹಿಡಿಯುವ ಕ್ಯಾಮೆರಾಗಳೂ ಬಂದವು. ಒಳ್ಳೆಯ ಕೆಲಸ. ದಸರಾ, ಬೇಸಿಗೆ ರಜೆಗಳ ವಾರದಲ್ಲಾದರೂ ಟೋಲ್ ಹತ್ತಿರ ಗಾಳಿ ಮತ್ತು ಟೈರ್ ನೋಡುವ ಒಂದು ಶೆಡ್ ಹಾಕಿ. ಆ ರಸ್ತೆ ಮುಗಿಯುವ ಮೈಸೂರಿನಲ್ಲೇ ದೊಡ್ಡ ಟೈರ್ ಕಾರ್ಖಾನೆ ಇದೆ, ವಿಕ್ರಾಂತ್ ಟೈರ್ ಅಂತ ಹೆಸರಾಗಿದ್ದದ್ದು. ಕೆಲಸ ಗೊತ್ತಿರುವವರಿಗೇನೂ ಬರವಿಲ್ಲ.

ಕೊನೆಗೆ ಎರಡು ವಿಷಯ. ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ, ಅದು ವರ್ಷಗಟ್ಟಲೆ ಡಿಕ್ಕಿಯ ಕೆಳಗೆ ಖಾಲಿಯಾಗಿ ಮಲಗಿರುತ್ತದೆ. ಸ್ಟೆಪ್ನಿ ಉಳಿದ ನಾಲ್ಕಕ್ಕಿಂತ ಸಣ್ಣದಾಗಿದ್ದರೆ ಅದರ ಮೇಲೆ ಬರೆದಿರುವ ವೇಗದ ಮಿತಿ ದಾಟಬೇಡಿ, ಅದರಲ್ಲೇ ಊರು ತಲುಪುವ ಯೋಚನೆಯೂ ಬೇಡ. ಎರಡನೆಯದು, ವಾಪಸ್ ಬರುವ ದಿನದ ಬಗ್ಗೆ. ಹೋಗುವಾಗ ಬಟ್ಟೆ ಬ್ಯಾಗ್ ಇರುತ್ತದೆ. ಬರುವಾಗ ಅಮ್ಮ ಕೊಟ್ಟ ಅಕ್ಕಿ, ತೆಂಗಿನಕಾಯಿ, ಹಲಸಿನ ಹಣ್ಣು, ಉಪ್ಪಿನಕಾಯಿ ಭರಣಿ ಎಲ್ಲ ಸೇರಿ ಕಾರು ಹೋಗುವಾಗಿನದಕ್ಕಿಂತ ಭಾರವಾಗಿರುತ್ತದೆ, ಗಾಳಿ ಮಾತ್ರ ಅಷ್ಟು ದಿನದಲ್ಲಿ ಸ್ವಲ್ಪ ಇಳಿದಿರುತ್ತದೆ. ಹಾಗಾಗಿ ಊರಿನಿಂದ ಹೊರಡುವ ಬೆಳಿಗ್ಗೆಯೂ ಟೈರ್ ತಣ್ಣಗಿರುವಾಗಲೇ ಮತ್ತೊಮ್ಮೆ ನೋಡಿಸಿ. ಭಾರ ಜಾಸ್ತಿ ಅನಿಸಿದರೆ ಅಕ್ಕಿ ಚೀಲವನ್ನು ಬಸ್ಸಿನ ಪಾರ್ಸೆಲ್ಲಿಗೆ ಹಾಕಿ. ಮನೆ ತಲುಪಿ ಸಾಮಾನು ಇಳಿಸಿದ ಮಾರನೇ ದಿನ ಬೆಳಿಗ್ಗೆ ಗಾಳಿಯನ್ನು ಸ್ಟಿಕ್ಕರಿನ ಮೊದಲ ಸಾಲಿಗೆ ಇಳಿಸಿಕೊಳ್ಳಿ.

ಇಂತಿ,
ಹಾಸನದ ಕಡೆಯ ಒಬ್ಬ ಟೈರ್ ಕೆಲಸದವ